ಮುಂದೆ 15, ಹಿಂದೆ 26: ಒಂದು ಕಾರಿನ ಗಾಳಿಯ ಲೆಕ್ಕ

ಪೆಟ್ರೋಲ್ ಬಂಕಿನ ಹುಡುಗ 'ಗಾಳಿ ಎಷ್ಟು ಹಾಕಲಿ?' ಎಂದರೆ 'ನಾಲ್ಕಕ್ಕೂ 30 ಹಾಕಪ್ಪ' ಎಂದುಬಿಡುವವರೇ ನಮ್ಮಲ್ಲಿ ಹೆಚ್ಚು. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1959ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಿಟ್ಟ ಷೆವರ್ಲೆ ಕಾರ್ವೇರ್ ಕಾರಿಗೆ ಈ ಉತ್ತರ ಸಲ್ಲುತ್ತಿರಲಿಲ್ಲ. ಟಯರು ತಣ್ಣಗಿರುವಾಗ ಮುಂದಿನ ಚಕ್ರಗಳಿಗೆ ಚದರ ಅಂಗುಲಕ್ಕೆ 15 ಪೌಂಡ್, ಹಿಂದಿನವಕ್ಕೆ 26 ಪೌಂಡ್ ಗಾಳಿ ತುಂಬಬೇಕೆಂದು ತಯಾರಕರೇ ಸೂಚಿಸಿದ್ದರು. ಏಕಿಷ್ಟು ವ್ಯತ್ಯಾಸ?

ಇದಕ್ಕೆ ಉತ್ತರ ಟಯರಿನ ಮೈಯಲ್ಲಿದೆ. ಕಾರು ತಿರುವಿನಲ್ಲಿ ಸಾಗುವಾಗ ಅದನ್ನು ಒಳಮುಖವಾಗಿ ಸೆಳೆಯುವ ಕೇಂದ್ರಾಭಿಗಾಮಿ ಬಲವನ್ನು ರಸ್ತೆಯು ಟಯರುಗಳ ಮೂಲಕವೇ ಒದಗಿಸಬೇಕು. ಆ ಬಲಕ್ಕೆ ರಬ್ಬರು ಪಕ್ಕಕ್ಕೆ ಬಾಗುತ್ತದೆ. ಆದುದರಿಂದ ಚಕ್ರ ಮುಖ ಮಾಡಿರುವ ದಿಕ್ಕು ಮತ್ತು ಅದು ನಿಜವಾಗಿ ಸಾಗುವ ದಿಕ್ಕು ಒಂದೇ ಆಗಿರುವುದಿಲ್ಲ. ಇವುಗಳ ನಡುವಿನ ಕೋನವನ್ನು ಜಾರುಕೋನ ಎನ್ನೋಣ. (ಹೆಸರು ಹೀಗಿದ್ದರೂ ಚಕ್ರ ಜಾರಲೇಬೇಕೆಂದಿಲ್ಲ.) ಫ್ರಾನ್ಸಿನ ಎಂಜಿನಿಯರ್ ಬ್ರೂಲಿಯೆ 1925ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ರೋಲ್ಸ್‌ರಾಯ್ಸ್‌ನಲ್ಲಿ ಪಳಗಿ ಮುಂದೆ ಜನರಲ್ ಮೋಟರ್ಸ್ ಸೇರಿದ ಮಾರಿಸ್ ಆಲಿ 1930ರ ದಶಕದಲ್ಲಿ ಅದನ್ನು ಕಾರಿನ ವರ್ತನೆಗೆ ಅನ್ವಯಿಸಿದರು. ಮುಂದಿನ ಚಕ್ರಗಳ ಜಾರುಕೋನ ಹೆಚ್ಚಿದ್ದರೆ ಕಾರು ಬೇಕಾದ್ದಕ್ಕಿಂತ ಕಡಿಮೆ ತಿರುಗುತ್ತದೆ, ಇದು ಅಂಡರ್‌ಸ್ಟಿಯರ್. ಹಿಂದಿನವುಗಳದು ಹೆಚ್ಚಿದ್ದರೆ ಬಾಲ ಹೊರಕ್ಕೆ ಬೀಸಿ ಕಾರು ಅತಿಯಾಗಿ ತಿರುಗುತ್ತದೆ, ಇದು ಓವರ್‌ಸ್ಟಿಯರ್. ಸಾಮಾನ್ಯ ಚಾಲಕನಿಗೆ ಎರಡನೆಯದೇ ಅಪಾಯಕಾರಿ.

ಕಾರ್ವೇರ್‌ನ ಎಂಜಿನ್ ಹಿಂಬದಿಯಲ್ಲಿತ್ತು. ಒಟ್ಟು ತೂಕದ ಶೇಕಡ 60ಕ್ಕೂ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ತಿರುವಿನಲ್ಲಿ ಪಕ್ಕಬಲದ ಅಷ್ಟೇ ಪಾಲನ್ನೂ ಅವೇ ಒದಗಿಸಬೇಕು. ಹೊರೆ ಹೆಚ್ಚಿದಂತೆ ಟಯರಿನ ಹಿಡಿತ ಹೆಚ್ಚುವುದೇನೋ ನಿಜ, ಆದರೆ ಹೊರೆಯಷ್ಟೇ ಪ್ರಮಾಣದಲ್ಲಲ್ಲ. ಹೀಗಾಗಿ ನಾಲ್ಕೂ ಟಯರುಗಳಲ್ಲಿ ಸಮಾನ ಒತ್ತಡವಿದ್ದರೆ ಹಿಂದಿನ ಜಾರುಕೋನವೇ ದೊಡ್ಡದಾಗುತ್ತದೆ. ಮುಂದಿನ ಟಯರುಗಳ ಗಾಳಿ ಇಳಿಸಿ ನೋಡಿ: ಅವು ಮೆತ್ತಗಾಗಿ ಹೆಚ್ಚು ಬಾಗುತ್ತವೆ, ಜಾರುಕೋನ ಹಿಗ್ಗುತ್ತದೆ, ತಕ್ಕಡಿ ಅಂಡರ್‌ಸ್ಟಿಯರ್ ಕಡೆಗೆ ವಾಲುತ್ತದೆ. ಒಂದು ಬಿಡಿಭಾಗವನ್ನೂ ಬದಲಿಸದೆ ಕಾರಿನ ಸ್ವಭಾವವನ್ನೇ ಬದಲಿಸಿದ ಜಾಣ ಉಪಾಯವಿದು!

ಜಾಣ, ಆದರೆ ದುರ್ಬಲ. ಗಾಳಿ ತುಂಬುವವನು ರೂಢಿಯಂತೆ ಎಲ್ಲಕ್ಕೂ 26 ತುಂಬಿದರೆ ಲೆಕ್ಕವೇ ತಲೆಕೆಳಗು. ಅದರ ಜೊತೆಗೆ ಕಾರ್ವೇರ್‌ನ ಹಿಂದಿನ ಅಚ್ಚುಗಳು ಒಳತುದಿಯಲ್ಲಿ ಮಾತ್ರ ಮಡಚಿಕೊಳ್ಳುವಂಥವು. ಬಿರುಸಾದ ತಿರುವಿನಲ್ಲಿ ಹೊರಗಿನ ಚಕ್ರ ದೇಹದಡಿಗೆ ಮಡಚಿ ಹಿಡಿತ ಕಳೆದುಕೊಳ್ಳುವ ಸಂಭವವಿತ್ತು. ಕಾರಿನ ವಾಲುವಿಕೆಯನ್ನು ತಡೆದು ಮುಂಬದಿಯ ಟಯರುಗಳಿಗೆ ಹೆಚ್ಚು ಕೆಲಸ ಹೊರಿಸುವ ಉಕ್ಕಿನ ಸರಳು ಮೊದಲ ಮಾದರಿಗಳಲ್ಲಿ ಇರಲಿಲ್ಲ. 1964ರಲ್ಲಷ್ಟೇ ಅದು ಎಲ್ಲ ಕಾರುಗಳಿಗೂ ಬಂತು. 1965ರ ಮಾದರಿಗೆ ಹಿಂದಿನ ತೂಗುವ್ಯವಸ್ಥೆಯನ್ನೇ ಹೊಸದಾಗಿ ರೂಪಿಸಲಾಯಿತು.

ಅದೇ 1965ರ ಕೊನೆಯಲ್ಲಿ ವಕೀಲ ರಾಲ್ಫ್ ನೇಡರ್ ಅವರ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪ್ರಕಟವಾಯಿತು. ಅದರ ಮೊದಲ ಅಧ್ಯಾಯವೇ ಕಾರ್ವೇರ್ ಕುರಿತದ್ದು. ಮರುವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತೆಯ ರಾಷ್ಟ್ರೀಯ ಕಾನೂನು ಬಂತು. ಆದರೆ 1972ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 1960–63ರ ಮಾದರಿಗಳ ಬಗ್ಗೆ ನಡೆಸಿದ ಪರೀಕ್ಷೆಗಳ ವರದಿ, ಅಂದಿನ ಇತರ ಕಾರುಗಳಿಗಿಂತ ಕಾರ್ವೇರ್ ಹೆಚ್ಚು ಅಪಾಯಕಾರಿಯಲ್ಲ ಎಂದಿತು. ಅಷ್ಟರಲ್ಲಿ, 1969ರಲ್ಲೇ, ಅದರ ತಯಾರಿಕೆ ನಿಂತುಹೋಗಿತ್ತು. ವರದಿಯನ್ನು ನಾನು ಅಲ್ಲಗಳೆಯಲಾರೆ. ಆದರೂ ಸ್ಥಿರತೆಯನ್ನು ವಾರವಾರವೂ ತಾನಾಗಿ ಇಳಿಯುವ ಗಾಳಿಗೆ ಒಪ್ಪಿಸಿದ ವಿನ್ಯಾಸಕ್ಕೆ ಪೂರ್ಣ ಅಂಕ ಕೊಡಲು ನನಗೆ ಮನಸ್ಸಿಲ್ಲ.

ಇಂದಿನ ಕಾರುಗಳ ರೇಡಿಯಲ್ ಟಯರುಗಳ ರಚನೆ ಬೇರೆ. ಅಂದಿನ ಅಂಕಿಗಳು ಅವಕ್ಕೆ ಹೊಂದುವುದಿಲ್ಲ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯನ್ನು ಒಮ್ಮೆ ಓದಿ. ಅನೇಕ ಕಾರುಗಳಲ್ಲಿ ಮುಂದೆ ಹಿಂದೆ ಬೇರೆ ಬೇರೆ ಅಂಕಿಗಳಿರುತ್ತವೆ, ತುಂಬು ಹೊರೆಗೆ ಮತ್ತೊಂದು. ಅಳೆಯಬೇಕಾದದ್ದು ಮಾತ್ರ ಟಯರು ತಣ್ಣಗಿರುವಾಗ, ಹೊರಡುವ ಮುನ್ನ.