ಘಟ್ಟದ ದಾರಿ ಮತ್ತು ರೌಟರಿನ ದ್ವಾರ

ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟಕ್ಕೆ ಸಮೀಪವಾಗಿ, ಇಡಗುಂದಿ ಎಂಬ ಗ್ರಾಮವಿದೆ. ಘಟ್ಟದ ಮೇಲಿನ ಬಯಲುಸೀಮೆಗೂ ಕರಾವಳಿಗೂ ನಡುವೆ ನಿಂತಿರುವ ಇಂಥ ಗ್ರಾಮಗಳ ಏಳುಬೀಳು ದಾರಿಗಳ ಏಳುಬೀಳನ್ನೇ ಅನುಸರಿಸಿ ಬಂದಿದೆ. ಸರಕು ಹೋಗುವ ದಾರಿಯ ವಿಷಯದಲ್ಲಿ ನಿಜವಾದ ಈ ಮಾತು ಸುದ್ದಿ ಹೋಗುವ ದಾರಿಗೂ ಸಲ್ಲುತ್ತದೆಯೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಸರಕಿನ ದಾರಿಯನ್ನು ನೋಡೋಣ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರೇ ಪೇಟೆಯಲ್ಲಿ ನಿಂತಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಈ ಹತ್ತಿಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಕಾರವಾರದ ಬಂದರನ್ನು ಬೆಳೆಸುವ ಆಸೆಯೂ ಅದರ ಹಿಂದೆ ಇತ್ತು. ಆದರೆ 1880ರ ದಶಕದ ಕೊನೆಗೆ ಮರ್ಮಗೋವೆಗೆ ರೈಲುಮಾರ್ಗವಾಗಲು, ಸರಕು ಆ ಕಡೆಗೆ ತಿರುಗಿತು. ಘಟ್ಟದ ರಸ್ತೆಗಳು ಕುಸಿದಿರಲಿಲ್ಲ; ಬಂದರುಗಳೂ ಇದ್ದಲ್ಲಿಯೇ ಇದ್ದವು. ಬದಲಾದುದು ಒಂದೇ: ದಾರಿಯ ವೆಚ್ಚ. ದಾರಿಯಿದ್ದ ಮಾತ್ರಕ್ಕೆ ಸಂಚಾರವುಂಟಾಗುವುದಿಲ್ಲ. ಕವಲಿನಲ್ಲಿ ನಿಂತವನು ಅದನ್ನು ಆಯ್ದುಕೊಳ್ಳಬೇಕು.

ಸುದ್ದಿಯ ಜಾಲದಲ್ಲಿ ಕವಲಿನಲ್ಲಿ ನಿಲ್ಲುವ ಯಂತ್ರವೇ ರೌಟರ್. ಅದಕ್ಕೆ ಹಲವು ದ್ವಾರಗಳಿರುತ್ತವೆ. ಒಂದರಿಂದ ಬಂದ ಸಂದೇಶವನ್ನು ಮತ್ತಾವ ದ್ವಾರದಿಂದ ಕಳುಹಿಸಬೇಕೆಂಬುದೇ ಅದರ ಚಿಂತೆ. ನೆರೆಯ ರೌಟರುಗಳೊಡನೆ ದಾರಿಗಳ ವಾರ್ತೆಯನ್ನು ವಿನಿಮಯ ಮಾಡುವ ಕಟ್ಟಳೆಗೆ ಮಾರ್ಗನಿರ್ಣಯದ ಪ್ರೋಟೊಕಾಲ್ ಎಂದು ಹೆಸರು. ಇದರ ಗಣಿತವನ್ನು 1950ರ ದಶಕದಲ್ಲಿಯೇ ಫೋರ್ಡ್, ಬೆಲ್‌ಮನ್ ಮತ್ತು ಡೈಕ್‌ಸ್ಟ್ರಾ ಎಂಬ ವಿದ್ವಾಂಸರು ಸಿದ್ಧಪಡಿಸಿದ್ದರು. 1969ರಲ್ಲಿ ಆರಂಭವಾದ ಅಮೆರಿಕದ ಅರ್ಪಾನೆಟ್ ಮೊದಲು ಬೆಲ್‌ಮನ್-ಫೋರ್ಡ್ ಪದ್ಧತಿಯನ್ನು ಹಿಡಿದು, 1979ರಲ್ಲಿ ಡೈಕ್‌ಸ್ಟ್ರಾ ಪದ್ಧತಿಗೆ ಬದಲಾಯಿತು. ಮೊದಲನೆಯದರಲ್ಲಿ ಪ್ರತಿಯೊಂದು ಯಂತ್ರವೂ ನೆರೆಯವನ ಮಾತನ್ನು ನಂಬುತ್ತದೆ. ಎರಡನೆಯದರಲ್ಲಿ ಪ್ರತಿಯೊಂದೂ ಇಡೀ ಜಾಲದ ನಕ್ಷೆಯನ್ನು ತಾನೇ ಬರೆದುಕೊಳ್ಳುತ್ತದೆ.

ಈ ಎರಡು ಪರಂಪರೆಗಳಿಂದ ರಿಪ್ ಮತ್ತು ಓಎಸ್‌ಪಿಎಫ್ ಎಂಬ ಕಟ್ಟಳೆಗಳು ಹುಟ್ಟಿದವು. 1988ರಲ್ಲಿ ಬರಹಕ್ಕಿಳಿದ ರಿಪ್ 30 ಸೆಕೆಂಡಿಗೊಮ್ಮೆ ತನ್ನ ಪಟ್ಟಿಯನ್ನು ಸಾರುತ್ತದೆ. 15 ಹೆಜ್ಜೆಗಳಿಗಿಂತ ದೂರವಾದುದನ್ನು ಅಗಮ್ಯವೆಂದೇ ಎಣಿಸುತ್ತದೆ. ಅದರ ದೊಡ್ಡ ದೋಷವೆಂದರೆ, ನಾನು ಹೇಳಿದ ಮಾತನ್ನೇ ನೆರೆಯವನು ನನಗೆ ಹೊಸ ವಾರ್ತೆಯೆಂದು ತಿರುಗಿ ಹೇಳುವುದು. ಇದಕ್ಕೆ ಕಂಡ ಪರಿಹಾರವು ದ್ವಾರಕ್ಕೇ ಸಂಬಂಧಿಸಿದುದು: ಯಾವ ದ್ವಾರದಿಂದ ವಾರ್ತೆ ಬಂದಿತೋ ಆ ದ್ವಾರದಲ್ಲಿ ಅದನ್ನು ಮತ್ತೆ ಸಾರಬಾರದು. 1989ರಲ್ಲಿ ಮೊದಲು ಪ್ರಕಟವಾಗಿ 1998ರಲ್ಲಿ ಈಗಿನ ರೂಪಕ್ಕೆ ಬಂದ ಓಎಸ್‌ಪಿಎಫ್ ಹೆಜ್ಜೆಗಳನ್ನು ಎಣಿಸುವುದಿಲ್ಲ. ಪ್ರತಿ ದ್ವಾರಕ್ಕೂ ಒಂದು ವೆಚ್ಚವನ್ನು ಕಟ್ಟಿ, ಅವನ್ನು ಕೂಡಿಸಿ ನೋಡುತ್ತದೆ. 10 ಮೆಗಾಬಿಟ್ಟಿನ ದ್ವಾರಕ್ಕೆ 10, 100 ಮೆಗಾಬಿಟ್ಟಿನದಕ್ಕೆ 1 ಎಂದು ಎಣಿಸುವುದು ತಯಾರಕರಲ್ಲಿ ಬಹುಕಾಲದ ರೂಢಿ. ಈ ಲೆಕ್ಕದಂತೆ 1,000 ಮೆಗಾಬಿಟ್ಟಿನ ದ್ವಾರಕ್ಕೂ 1 ಎಂದೇ ಬರುವುದರಿಂದ, ವೆಚ್ಚವನ್ನು ಮನುಷ್ಯನೇ ತಿದ್ದಿ ಬರೆಯಬೇಕಾಗುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆ ಮೊದಲು ಬೇರೂರಿದ್ದು 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೂಲ ಪಾಲುದಾರರಲ್ಲೊಂದು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತಿಯನ್ನು ಎಳೆಯುವ ಯೋಜನೆ 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎನಿಸಿಕೊಂಡಿತು. ತಂತಿ ಮುಟ್ಟಿತೆಂದರೆ ಕೆಲಸ ಮುಗಿಯಿತೆಂದು ಜನರು ಭಾವಿಸುವುದು ಸಹಜ. ಅದು ಏಕೆ ಸಾಲದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ವಿವರಿಸುತ್ತೇವೆ.

ಯಲ್ಲಾಪುರದಲ್ಲಿ ಒಂದು ರೌಟರ್ ಇದೆಯೆಂದೂ, ಅದಕ್ಕೆ ಹುಬ್ಬಳ್ಳಿ, ಸಿರ್ಸಿ ಮತ್ತು ಇಡಗುಂದಿಗಳ ಕಡೆಗೆ ಮೂರು ದ್ವಾರಗಳಿವೆಯೆಂದೂ, ಎಲ್ಲೆಡೆಯೂ ಓಎಸ್‌ಪಿಎಫ್ ನಡೆಯುತ್ತಿದೆಯೆಂದೂ ಇಟ್ಟುಕೊಳ್ಳೋಣ. ಇಡಗುಂದಿಯ ಕಡೆ ಬೇರೆ ರೌಟರ್ ಇಲ್ಲ, ಕಛೇರಿಯ ಗಣಕಗಳು ಮಾತ್ರ ಇವೆ. ಆ ದ್ವಾರವನ್ನು ಮೌನದ್ವಾರವನ್ನಾಗಿ ಮಾಡುವುದು ವಿವೇಕ: ಅಲ್ಲಿ ಪ್ರೋಟೊಕಾಲಿನ ಮಾತು ಹೊರಡದು, ಅಪರಿಚಿತ ಯಂತ್ರವು ನೆರೆಯವನೆಂದು ಹೇಳಿಕೊಂಡು ಒಳನುಗ್ಗದು; ಆದರೂ ಇಡಗುಂದಿಯ ಜಾಲದ ವಾರ್ತೆ ಉಳಿದ ದ್ವಾರಗಳಿಂದ ಸಾರಲ್ಪಡುತ್ತದೆ. ಇದಕ್ಕೆ ಬದಲಾಗಿ ಆ ದ್ವಾರವನ್ನು ಪ್ರೋಟೊಕಾಲಿಗೆ ಸೇರಿಸುವುದನ್ನೇ ಮರೆತರೆ, ಇಡಗುಂದಿಯ ಸಂದೇಶ ಹುಬ್ಬಳ್ಳಿಗೆ ಹೋದೀತು. ಆದರೆ ಅಲ್ಲಿಯವರಿಗೆ ಇಡಗುಂದಿಯೆಂಬ ಊರೇ ತಿಳಿಯದುದರಿಂದ ಮರುಮಾತು ಹಿಂದಿರುಗದು. ಸಿರ್ಸಿಯ ದ್ವಾರವನ್ನು ತಪ್ಪಿ ಮೌನವಾಗಿಸಿದರೆ ಆ ಕಡೆಯ ನೆರೆತನವೇ ಮುರಿಯುತ್ತದೆ. ನೆರೆಯವರು ‘ಇದ್ದೇನೆ’ ಎಂದು 10 ಸೆಕೆಂಡಿಗೊಮ್ಮೆ ಹೇಳುವುದೂ, 40 ಸೆಕೆಂಡು ಕೇಳದಿದ್ದರೆ ಇಲ್ಲವೆಂದು ತಿಳಿಯುವುದೂ ವಾಡಿಕೆ. ಈ ಅವಧಿಗಳನ್ನು ಒಂದೇ ಬದಿಯಲ್ಲಿ ಬದಲಿಸಿದರೂ ಅದೇ ಗತಿ. ಎಲ್ಲ ಸಂದರ್ಭದಲ್ಲಿಯೂ ತಂತಿ ಮಾತ್ರ ನೆಟ್ಟಗಿರುತ್ತದೆ, ದೀಪವೂ ಉರಿಯುತ್ತಿರುತ್ತದೆ!

ಮೌನದಿಂದಾಗುವ ಹಾನಿಯಂತೆಯೇ ಅತಿಮಾತಿನಿಂದಾಗುವ ಹಾನಿಯೂ ಇತಿಹಾಸದಲ್ಲಿದೆ. 1980ರ ಅಕ್ಟೋಬರ್ 27ರಂದು ಕೆಟ್ಟುಹೋದ ಕೆಲವು ವಾರ್ತೆಗಳು ಒಂದನ್ನೊಂದು ಹೊಸದೆಂದು ತಳ್ಳುತ್ತ ಸುತ್ತಿ, ಅರ್ಪಾನೆಟ್ಟನ್ನು ಗಂಟೆಗಟ್ಟಲೆ ನಿಲ್ಲಿಸಿದವು. 1997ರ ಏಪ್ರಿಲ್ 25ರಂದು ಅಮೆರಿಕದ ಒಂದು ಸಣ್ಣ ಜಾಲ ಲೋಕದ ಬಹುಭಾಗದ ವಿಳಾಸಗಳಿಗೆ ತನ್ನ ಮೂಲಕವೇ ದಾರಿಯೆಂದು ಸಾರಿತು. ಅದನ್ನು ನಂಬಿದ ನೆರೆಯವರಿಂದ ಅಂತರ್ಜಾಲದಲ್ಲಿ ದೊಡ್ಡ ಗೊಂದಲವಾಯಿತು. ಯಾವ ದ್ವಾರದಲ್ಲಿ ಏನನ್ನು ಹೇಳಬೇಕು, ಯಾರ ಮಾತನ್ನು ಕೇಳಬೇಕು ಎಂಬ ವಿವೇಚನೆಗೆ ಎಷ್ಟು ಬೆಲೆಯಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳು ರಸ್ತೆ, ರೈಲು, ತಂತಿಗಳ ಉದ್ದವನ್ನು ಅಳೆದು ತೃಪ್ತರಾಗುವುದುಂಟು. ಕವಲಿನಲ್ಲಿ ನಡೆದ ನಿರ್ಣಯವನ್ನೂ ಅವರು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಊರುಗಳ ದಾರಿಯನ್ನು ನಿರ್ಣಯಿಸಿದವರು ದೂರದಲ್ಲಿದ್ದರು. ಇಂದು ದ್ವಾರಕ್ಕೆ ವೆಚ್ಚವನ್ನು ಬರೆಯುವವರೂ ಬಹುಮಟ್ಟಿಗೆ ದೂರದಲ್ಲಿಯೇ ಇದ್ದಾರೆ. ಆ ಬರಹವನ್ನು ಓದಬಲ್ಲವರು ನಮ್ಮ ಕಾಲೇಜುಗಳಲ್ಲಿ ಸಿದ್ಧರಾದರೆ, ಸಂಪರ್ಕವಿದ್ದೂ ಕೇಳಿಸದ ಊರು ಎಂಬ ಸ್ಥಿತಿ ಇಡಗುಂದಿಯಂಥ ಗ್ರಾಮಗಳಿಗೆ ಒದಗದು.