ತವರಿಗೆ ಮರಳುವ ಕೂದಲು

ಹೋರೇಸ್ ಬೆನೆಡಿಕ್ಟ್ ದ ಸೊಸ್ಯೂರ್ ಜಿನೀವಾದವನು. ಆಲ್ಪ್ಸ್ ಬೆಟ್ಟಗಳನ್ನು ಹತ್ತಿ ಇಳಿಯುವ ಹುಚ್ಚಿದ್ದ ವಿಜ್ಞಾನಿ. ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಅಳೆಯಲು ಅವನಿಗೊಂದು ಉಪಕರಣ ಬೇಕಿತ್ತು. 1783ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಅದರ ವಿವರವಿದೆ: ಮನುಷ್ಯನ ಒಂದು ತಲೆಗೂದಲು, ಒಂದು ತುದಿಯನ್ನು ಬಿಗಿದು ಕಟ್ಟಿದೆ, ಇನ್ನೊಂದು ತುದಿ ಸಣ್ಣ ರಾಟೆಯ ಮೇಲೆ ಹಾದಿದೆ, ರಾಟೆಗೊಂದು ಮುಳ್ಳು. ತೇವ ಏರಿದರೆ ಕೂದಲು ಉದ್ದವಾಗುತ್ತದೆ, ಮುಳ್ಳು ಸರಿಯುತ್ತದೆ. ಕೂದಲನ್ನು ಮೊದಲು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು, ಅಷ್ಟೇ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದಾಗ ಕೂದಲು ಹಿಗ್ಗುವುದು ನೂರಕ್ಕೆ ಎರಡು, ಎರಡೂವರೆ ಪಾಲು ಮಾತ್ರ. ಆದರೆ ಅದು ಎಷ್ಟು ನಂಬಿಕಸ್ಥ ಹಿಗ್ಗುವಿಕೆ ಎಂದರೆ, ನಮ್ಮ ದೇಶದ ಹವಾಮಾನ ವೀಕ್ಷಣಾಲಯಗಳಲ್ಲೂ ಕೂದಲ ಎಳೆಗಳಿಂದ ನಡೆಯುವ ಹೈಗ್ರೋಗ್ರಾಫ್‌ಗಳು ಬಹುಕಾಲ ಕೆಲಸ ಮಾಡಿವೆ.

ಪೆಟ್ಟಿಗೆಯೊಳಗಿದ್ದಾಗ ಕೂದಲಿನ ಈ ಗುಣಕ್ಕೆ ವಿಜ್ಞಾನ ಎಂದು ಹೆಸರು. ಅದೇ ಕೂದಲು ತಲೆಯ ಮೇಲಿದ್ದು, ಅದೂ ಬಿಗಿ ಸುರುಳಿಯ ಕೂದಲಾಗಿದ್ದು, ಆ ತಲೆ ಇಪ್ಪತ್ತನೆಯ ಶತಮಾನದ ಅಮೆರಿಕದ ಕಪ್ಪು ಹೆಂಗಸಿನದಾಗಿದ್ದರೆ ಅದೇ ಗುಣ ಆಕೆಯ ಕೆಲಸವನ್ನೂ ಮರ್ಯಾದೆಯನ್ನೂ ಕಳೆಯಬಹುದಿತ್ತು. ನಾನು ಹೇಳಹೊರಟಿರುವುದು ಆ ಕಥೆ.

ಮೊದಲು ಸ್ವಲ್ಪ ಒಳಗಿನ ವಿಷಯ. ಹತ್ತಿಯ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತೇವಲ್ಲ, ಕೂದಲಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಆ ಹುರಿಯ ಎಳೆಗಳನ್ನು ಎರಡು ಬಗೆಯ ಗಂಟುಗಳು ಹಿಡಿದಿರುತ್ತವೆ. ಗಂಧಕದ ಗಂಟುಗಳು ಗಟ್ಟಿ, ನೀರಿಗೆ ಬಗ್ಗುವುದಿಲ್ಲ. ಹೈಡ್ರೋಜನ್ ಗಂಟುಗಳು ದುರ್ಬಲ, ಆದರೆ ಅಸಂಖ್ಯ. ನೀರು ಒಳಗೆ ಹೊಕ್ಕರೆ ಇವು ಬಿಚ್ಚಿಕೊಳ್ಳುತ್ತವೆ, ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಮತ್ತೆ ಬಿಗಿದುಕೊಳ್ಳುತ್ತವೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆ ಮತ್ತು ಕೂದಲಿಗೆ ಎಕ್ಸ್‌ರೇ ಹಾಯಿಸಿ, ಎಳೆದಾಗ ಅವುಗಳ ಒಳರಚನೆ ಬದಲಾಗುವುದನ್ನೂ ಬಿಟ್ಟಾಗ ಹಿಂದಿನಂತಾಗುವುದನ್ನೂ ತೋರಿಸಿದ. 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಆ ರಚನೆಯನ್ನು ಬಿಡಿಸಿ ಹೇಳಿದರು. ಪ್ರೋಟೀನುಗಳ ವಿಜ್ಞಾನಕ್ಕೆ ದಾರಿ ತೆರೆದದ್ದರಲ್ಲಿ ಒದ್ದೆ ಉಣ್ಣೆಯ ಪಾಲೂ ಇದೆ.

ಹಾಗಾದರೆ ತೇವಕ್ಕೆ ಸೊಸ್ಯೂರನ ಕೂದಲು ಉದ್ದವಾಯಿತು, ಗುಂಗುರು ಕೂದಲೇಕೆ ಗಿಡ್ಡವಾಗಬೇಕು? ಎಳೆ ಅಲ್ಲಿಯೂ ಕೂದಲೆಳೆಯಷ್ಟು ಹಿಗ್ಗಿಯೇ ಇರುತ್ತದೆ. ಆದರೆ ಬೇರಿನ ಕೋಶವೇ ಬಾಗಿರುವುದರಿಂದ ಹುಟ್ಟಿನಿಂದಲೇ ಅದರ ಆಕಾರ ಸುರುಳಿ. ಬಾಚಿ, ಎಳೆದು, ಕಾಯಿಸಿ ನೀಳ ಮಾಡಿದ ಆ ಸುರುಳಿಯನ್ನು ಹಿಡಿದಿಟ್ಟಿದ್ದು ದುರ್ಬಲ ಗಂಟುಗಳು ಮಾತ್ರ. ತೇವ ಅವನ್ನು ಬಿಚ್ಚಿದೊಡನೆ ಎಳೆದ ಸ್ಪ್ರಿಂಗ್ ಬಿಟ್ಟಂತೆ ಕೂದಲು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಬಿಗಿ ಸುರುಳಿಯ ಕೂದಲು ಹೀಗೆ ನಿಜವಾದ ಉದ್ದದ ಅರ್ಧಕ್ಕೂ, ಕೆಲವರಲ್ಲಿ ಅದಕ್ಕಿಂತ ಕಡಿಮೆಗೂ ಇಳಿಯುತ್ತದೆ. ಭುಜ ದಾಟುವ ಕೂದಲು ಕಿವಿಯ ಬಳಿ ನಿಂತುಬಿಡುತ್ತದೆ. ನಮ್ಮ ಕರಾವಳಿಯ ಮನೆಯಲ್ಲಿ ಜೂನ್ ಬಂದರೆ ಅಕ್ಕನ ತಲೆಗೆ ಅಮ್ಮ ಇಡುತ್ತಿದ್ದ ಹೆಸರು ಗುಬ್ಬಿಗೂಡು. ಅಕ್ಕ ಸಿಟ್ಟಾಗುತ್ತಿದ್ದಳು, ಅಷ್ಟಕ್ಕೇ ಮುಗಿಯುತ್ತಿತ್ತು. ಎಲ್ಲ ಕಡೆ ಅಷ್ಟಕ್ಕೇ ಮುಗಿಯಲಿಲ್ಲ.

ಈ ಮುದುಡುವಿಕೆಯನ್ನು ನಿಭಾಯಿಸುವ ಅತಿ ಹಳೆಯ ಉಪಾಯಗಳಲ್ಲೊಂದು ದಾರ. ಪಶ್ಚಿಮ ಆಫ್ರಿಕದ ಯೊರುಬಾ ಹೆಂಗಸರು ಕೂದಲನ್ನು ಭಾಗ ಮಾಡಿ, ಒಂದೊಂದು ಕುಚ್ಚಿಗೂ ಬುಡದಿಂದ ತುದಿಯವರೆಗೆ ದಾರ ಸುತ್ತುತ್ತಾರೆ. ಕೂದಲು ಎಳೆದ ಸ್ಥಿತಿಯಲ್ಲೇ ಒಣಗುತ್ತದೆ. ಬೆಂಕಿ ಬೇಡ, ರಾಸಾಯನಿಕ ಬೇಡ. ಆ ದಾರದ ಕುಚ್ಚುಗಳನ್ನೇ ಬಾಗಿಸಿ ಗೋಪುರ, ಕಮಾನು ಕಟ್ಟುವುದೂ ಉಂಟು. ನೈಜೀರಿಯಾದ ಛಾಯಾಗ್ರಾಹಕ ಓಜೈಕೆರೆ 1968ರಿಂದ ಮುಂದೆ ದಶಕಗಳ ಕಾಲ ಇಂಥ ಕೇಶವಿನ್ಯಾಸಗಳ ಕಪ್ಪುಬಿಳುಪು ಚಿತ್ರಗಳನ್ನು ತೆಗೆದಿದ್ದಾನೆ. ಹೆಚ್ಚಿನವು ಹಿಂದಿನಿಂದ ತೆಗೆದವು. ಮುಖ ಕಾಣದು, ಶಿಲ್ಪ ಕಾಣುತ್ತದೆ.

ಹಡಗುಗಳಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟವರ ಬಳಿ ಬಾಚಣಿಗೆಯೂ ಉಳಿಯಲಿಲ್ಲ, ಎಣ್ಣೆಯೂ ಉಳಿಯಲಿಲ್ಲ. ದಾರದ ನೆನಪು ಉಳಿಯಿತು. 1930ರ ದಶಕದಲ್ಲಿ ಅಮೆರಿಕದ ಸರ್ಕಾರವೇ ಬರಹಗಾರರನ್ನು ಕಳಿಸಿ, ಒಂದು ಕಾಲಕ್ಕೆ ಗುಲಾಮರಾಗಿದ್ದ ಮುದುಕ ಮುದುಕಿಯರ ಮಾತುಗಳನ್ನು ಬರೆಸಿಕೊಂಡಿತು. ಅವರಲ್ಲಿ ಕೆಲವರು ಕೂದಲ ಬಗ್ಗೆಯೂ ಹೇಳಿದ್ದಾರೆ. ವಾರವೆಲ್ಲ ಹತ್ತಿಯ ಹೊಲದಲ್ಲಿ ದುಡಿಯುವಾಗ ಕೂದಲನ್ನು ದಾರದಿಂದಲೋ ಬಟ್ಟೆಯ ಚೂರಿನಿಂದಲೋ ಸುತ್ತಿ, ಮೇಲೊಂದು ವಸ್ತ್ರ ಕಟ್ಟಿಕೊಂಡಿರುವುದು. ಭಾನುವಾರ ಪ್ರಾರ್ಥನೆಗೆ ಹೋಗುವಾಗ ಬಿಚ್ಚುವುದು. ಕುರಿಯ ಉಣ್ಣೆ ಬಾಚುವ ಹಲಗೆಯಿಂದಲೇ ತಲೆ ಬಾಚಿಕೊಂಡವರೂ ಇದ್ದರು. ನನಗೆ ಈ ಇಡೀ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಆ ಭಾನುವಾರದ ಬೆಳಗು. ಆರು ದಿನ ಒಡೆಯನ ಹೊಲದಲ್ಲಿದ್ದ ತಲೆ ಒಂದು ದಿನ ತನ್ನದಾಗುವ ಹೊತ್ತು.

ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಎರಡು ವರ್ಷಕ್ಕೆ, 1867ರ ಡಿಸೆಂಬರಿನಲ್ಲಿ, ಲೂಸಿಯಾನಾದ ಡೆಲ್ಟಾ ಎಂಬ ಊರಿನ ಹತ್ತಿಯ ತೋಟದಲ್ಲಿ ಸಾರಾ ಬ್ರೀಡ್‌ಲವ್ ಹುಟ್ಟಿದಳು. ಏಳು ವರ್ಷಕ್ಕೆ ತಬ್ಬಲಿ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ವಿಧವೆ, ಕೈಯಲ್ಲೊಂದು ಹೆಣ್ಣುಮಗು. ಅಣ್ಣಂದಿರು ಕ್ಷೌರಿಕರಾಗಿದ್ದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ ಬಟ್ಟೆ ಒಗೆಯುವ ಕೆಲಸಕ್ಕೆ ನಿಂತಳು. ಕುದಿಯುವ ಹಂಡೆಯ ಹಬೆ, ಕ್ಷಾರದ ಸೋಪು, ದಿನವಿಡೀ ಅದರ ಮೇಲೆ ಬಾಗಿದ ತಲೆ. ಮನೆಯೊಳಗೆ ನಲ್ಲಿಯಿಲ್ಲದ ಕಾಲ, ತಲೆ ತೊಳೆಯುವುದು ಅಪರೂಪ. ನೆತ್ತಿಯ ರೋಗದಿಂದ ಕೂದಲು ಉದುರುವುದು ಆಕೆಯೊಬ್ಬಳ ಕಷ್ಟವಾಗಿರಲಿಲ್ಲ. ಅದೇ ಊರಿನಲ್ಲಿ ಆನಿ ಟರ್ನ್‌ಬೋ ಎಂಬ ಕಪ್ಪು ಹೆಂಗಸು ಕೇಶಲೇಪ ತಯಾರಿಸಿ ಮಾರುತ್ತಿದ್ದಳು. ಸಾರಾ ಕೆಲಕಾಲ ಅವಳ ಏಜೆಂಟಳಾಗಿ ದುಡಿದಳು. ಆಮೇಲೆ ಡೆನ್ವರ್‌ಗೆ ಹೋಗಿ, 1906ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಎಂಬವನನ್ನು ಮದುವೆಯಾಗಿ, ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ತನ್ನದೇ ಲೇಪ ಮಾರತೊಡಗಿದಳು.

ಕಾಯಿಸಿದ ಬಾಚಣಿಗೆಯನ್ನು ಕಂಡುಹಿಡಿದವಳು ವಾಕರ್ ಎಂದು ಹಲವು ಪುಸ್ತಕಗಳು ಹೇಳುತ್ತವೆ. ಅದು ಸರಿಯಲ್ಲ, ಅದು ಮೊದಲೇ ಇತ್ತು. ತನ್ನನ್ನು ಕೂದಲು ನೇರ ಮಾಡುವವಳು ಎಂದು ಕರೆಯುವುದೂ ಆಕೆಗೆ ಹಿಡಿಸುತ್ತಿರಲಿಲ್ಲ. ಕೂದಲು ಬೆಳೆಸುವುದು ತನ್ನ ಕಸುಬು ಎನ್ನುತ್ತಿದ್ದಳು. ಆದರೂ ಆಕೆಯ ಪದ್ಧತಿಯಲ್ಲಿ ಬಾಚಣಿಗೆಯೂ ಇತ್ತು, ಅದು ಮನೆಮನೆಗೆ ಹೋದದ್ದರಲ್ಲಿ ಆಕೆಯ ಸಾವಿರಾರು ಏಜೆಂಟರ ಪಾಲೂ ಇತ್ತು. ಆ ಏಜೆಂಟರನ್ನು ನಾವು ಸುಲಭವಾಗಿ ತೀರ್ಮಾನಿಸಬಾರದು. ಬಿಳಿಯರ ಅಡುಗೆಮನೆ ಮತ್ತು ಒಗೆಯುವ ಹಂಡೆ ಬಿಟ್ಟರೆ ಬೇರೆ ದುಡಿಮೆಯಿಲ್ಲದ ಹೆಂಗಸರು ಅವರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರ ಸಮಾವೇಶ ಸೇರಿತು. ಮಾರಾಟದ ಮಾತು ಮುಗಿಸಿ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯಬೇಕೆಂದು ಅಧ್ಯಕ್ಷ ವಿಲ್ಸನ್‌ಗೆ ತಂತಿ ಕಳಿಸಿಯೇ ಅವರು ಎದ್ದದ್ದು.

ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲಿಟ್ಟು, ಕೂದಲಿಗೆ ಲೇಪ ಹಚ್ಚಿ, ಬುಡದಿಂದ ಎಳೆಯುವುದು. ಜಿಡ್ಡು ಸುಡುವ ವಾಸನೆ, ಕಿವಿಯಂಚಿನ ಬರೆ, ಮಂಡಿಗಳ ನಡುವೆ ಕೂರಿಸಿಕೊಂಡ ಅಮ್ಮನ ಗದರಿಕೆ. ಕತ್ತಿನ ಹಿಂಭಾಗದ, ಯಾವ ಬಾಚಣಿಗೆಗೂ ಬಗ್ಗದ ಬಿಗಿ ಸುರುಳಿಗಳಿಗೆ ಅವರಲ್ಲಿ 'ಅಡುಗೆಮನೆ' ಎಂದೇ ಹೆಸರು. ಹೆನ್ರಿ ಲೂಯಿಸ್ ಗೇಟ್ಸ್ 1994ರ ತನ್ನ ನೆನಪಿನ ಪುಸ್ತಕದಲ್ಲಿ ಈ ಪದದ ಎರಡೂ ಅರ್ಥಗಳನ್ನು ಹಿಡಿದು ತಾಯಿಯ ಅಡುಗೆಮನೆಯ ಬಗ್ಗೆ ಬರೆದಿದ್ದಾನೆ.

ಇಷ್ಟೆಲ್ಲ ಮಾಡಿದ್ದು ನಿಲ್ಲುವುದು ಮುಂದಿನ ಮಳೆಯವರೆಗೆ. ಬೆವರು ಸಾಕು, ಮಂಜು ಸಾಕು, ಸ್ನಾನದ ಹಬೆ ಸಾಕು. ಹಾಗಾದಾಗ ಅವರ ಆಡುಮಾತಿನಲ್ಲಿ 'ಕೂದಲು ಹಿಂದಕ್ಕೆ ಹೋಯಿತು' ಎನ್ನುತ್ತಾರೆ. ಕನ್ನಡದಲ್ಲಾದರೆ ತವರಿಗೆ ಹೋಯಿತು ಎನ್ನುತ್ತಿದ್ದೆವೇನೋ. ನೀರಿನಿಂದ ದೂರವಿರುವುದು ಹೀಗೆ ತಾಯಿಯಿಂದ ಮಗಳಿಗೆ ಬಂದ ಶಿಸ್ತಾಯಿತು. ಮಳೆಟೋಪಿ ಚೀಲದಲ್ಲೇ ಇರಬೇಕು, ಹಬ್ಬದ ಹಿಂದಿನ ದಿನ ಓಡಬಾರದು, ಈಜುಕೊಳಕ್ಕೆ ಇಳಿಯಬಾರದು. ಕಪ್ಪು ಜನರನ್ನು ಕೊಳಗಳಿಂದ ಹೊರಗಿಟ್ಟದ್ದು ಮೊದಲು ಬಿಳಿಯರ ಕಾನೂನು. ಕಾನೂನು ಹೋದಮೇಲೂ ಕೂದಲಿನ ಭಯ ಬಾಗಿಲಲ್ಲಿ ನಿಂತೇ ಇತ್ತು.

ಮಳೆಗೂ ಹಿಂದಕ್ಕೆ ಹೋಗದ ಕೂದಲು ಬೇಕೆಂದರೆ ಗಂಧಕದ ಗಂಟುಗಳನ್ನೇ ಮುರಿಯಬೇಕು. ಅದಕ್ಕೆ ಕಾಸ್ಟಿಕ್ ಸೋಡಾ ಬೇಕು. ಗಂಡಸರು ಆಲೂಗಡ್ಡೆ, ಮೊಟ್ಟೆಗಳ ಜೊತೆ ಅದನ್ನು ಕಲಸಿ ತಲೆಗೆ ಹಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ಹಚ್ಚಿಕೊಂಡಾಗ ನೆತ್ತಿ ಉರಿದ ಪರಿಯನ್ನು ಮಾಲ್ಕಂ ಎಕ್ಸ್ ಆತ್ಮಕಥೆಯಲ್ಲಿ ಬಣ್ಣಿಸಿ, ಅದನ್ನು ತನ್ನ ಆತ್ಮಗೌರವ ಕಳೆದುಕೊಂಡ ಮೊದಲ ದೊಡ್ಡ ಹೆಜ್ಜೆಯೆಂದು ಎಣಿಸಿದ್ದಾನೆ. 1954ರಲ್ಲಿ ಷಿಕಾಗೋದ ಜಾರ್ಜ್ ಜಾನ್ಸನ್ ಇದನ್ನು ಡಬ್ಬಿಯಲ್ಲಿ ತಯಾರಿಸಿ ಮಾರಿದ. ಆಮೇಲಿನ ಅರ್ಧ ಶತಮಾನ ರಿಲ್ಯಾಕ್ಸರ್‌ಗಳದೇ. ಬುಡದಲ್ಲಿ ಹೊಸ ಕೂದಲು ಸುರುಳಿಯಾಗಿಯೇ ಬರುತ್ತದೆ, ಆದ್ದರಿಂದ ಆರೇಳು ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. ಇದರ ಬೆಲೆ ಈಗ ಲೆಕ್ಕಕ್ಕೆ ಸಿಗುತ್ತಿದೆ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸುಮಾರು 34 ಸಾವಿರ ಹೆಂಗಸರ ಅಧ್ಯಯನವೊಂದನ್ನು ಪ್ರಕಟಿಸಿತು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು.

1962ರ ಜನವರಿಯಲ್ಲಿ ಹಾರ್ಲೆಮ್‌ನ ಒಂದು ಕ್ಲಬ್ಬಿನಲ್ಲಿ ಗ್ರಾಂಡಾಸಾ ಮಾಡೆಲ್ಸ್ ಎಂಬ ಕಪ್ಪು ಹುಡುಗಿಯರು ಬಾಚಣಿಗೆ ಕಾಣದ ಸುರುಳಿ ಕೂದಲಿನಲ್ಲೇ ಪ್ರದರ್ಶನಕ್ಕೆ ನಿಂತರು. ಕೆಲವೇ ವರ್ಷಗಳಲ್ಲಿ ಆಫ್ರೋ ಎಲ್ಲೆಡೆ ಕಂಡಿತು. ಏಂಜೆಲಾ ಡೇವಿಸ್‌ಳನ್ನು ಹುಡುಕಲು 1970ರಲ್ಲಿ ಎಫ್‌ಬಿಐ ಅಂಟಿಸಿದ ಭಿತ್ತಿಪತ್ರ ಆ ಕೂದಲನ್ನು ಜಗತ್ತಿಗೇ ತೋರಿಸಿತು. ತನ್ನ ರಾಜಕೀಯ ಮರೆತು ಕೂದಲಷ್ಟೇ ನೆನಪಲ್ಲಿ ಉಳಿದದ್ದನ್ನು ಆಕೆ 1994ರ ಪ್ರಬಂಧವೊಂದರಲ್ಲಿ ನೋವಿನಿಂದ ಬರೆದಳು. ಆಫ್ರೋ ಕೂಡ ಸುಮ್ಮನೆ ಬಿಟ್ಟರೆ ನಿಲ್ಲುವುದಲ್ಲ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ತೇವದ ದಿನ ಅದೂ ಮುದುಡುತ್ತದೆ. ಉದ್ದ ಹಲ್ಲಿನ ಬಾಚಣಿಗೆಯಿಂದ ಬುಡ ಎತ್ತಿ ಎತ್ತಿ ಗುಂಡಗೆ ನಿಲ್ಲಿಸಬೇಕು.

ಇದನ್ನು ಮರೆತವರಲ್ಲಿ ನ್ಯಾಯಾಧೀಶರೂ ಇದ್ದರು. ಅಮೆರಿಕನ್ ಏರ್‌ಲೈನ್ಸ್‌ನ ನೌಕರೆ ರೆನೆ ರಾಜರ್ಸ್, ನೆತ್ತಿಗೆ ಅಂಟಿದಂತೆ ಹೆಣೆದ ಸಣ್ಣ ಜಡೆಗಳನ್ನು ಕಂಪನಿ ನಿಷೇಧಿಸಿದ್ದನ್ನು ಪ್ರಶ್ನಿಸಿದಳು. 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅವಳ ವಿರುದ್ಧ ತೀರ್ಪು ಕೊಟ್ಟಿತು. ತಾನಾಗಿ ಬೆಳೆಯುವ ಆಫ್ರೋ ಆಗಿದ್ದರೆ ಬೇರೆ ಮಾತು, ಜಡೆ ಕೃತಕ, ಬೇಕಿದ್ದರೆ ಬದಲಿಸಬಹುದು ಎಂಬುದು ಅದರ ತರ್ಕ. ಬಿಳಿಯ ನಟಿ ಬೋ ಡೆರೆಕ್ ಚಲನಚಿತ್ರವೊಂದರಲ್ಲಿ ಅಂಥ ಜಡೆ ಹಾಕಿಕೊಂಡು ಜನಪ್ರಿಯಗೊಳಿಸಿದ ಮೇಲೆ ರಾಜರ್ಸ್ ಅದನ್ನು ಹಾಕಿಕೊಂಡಳು ಎಂಬ ಮಾತೂ ಅದರಲ್ಲಿ ಬಂತು! ಬಿಗಿ ಸುರುಳಿಯ ಕೂದಲು ತೇವಕ್ಕೆ ಸಿಕ್ಕಾಗದಂತೆ, ತುಂಡಾಗದಂತೆ ಕಾಯುವ ಉಪಾಯವೇ ಆ ಹೆಣಿಗೆ. ಅದನ್ನು ಅಲಂಕಾರ ಎಂದಷ್ಟೇ ನೋಡಿದ ನ್ಯಾಯ ಇದು. 2019ರಲ್ಲಿ ಕ್ಯಾಲಿಫೋರ್ನಿಯಾ ಇಂಥ ತಾರತಮ್ಯವನ್ನು ತಡೆಯುವ ಕ್ರೌನ್ ಕಾಯ್ದೆ ತಂದಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಹಿಂಬಾಲಿಸಿದವು.

ನಮ್ಮ ಹಳೆಯ ಕಾವ್ಯದಲ್ಲಿ ಹಣೆಯ ಮೇಲಿನ ಕುರುಳುಗಳನ್ನು ಮರಿದುಂಬಿಗೆ ಹೋಲಿಸಿ ಹೊಗಳಿದ್ದೇ ಹೊಗಳಿದ್ದು. ಅದು ನಾಲ್ಕು ಎಳೆಯ ಕುರುಳು, ಉಳಿದ ಕೂದಲು ನೀಳ ಜಡೆಯೇ ಆಗಿರಬೇಕು. ಶಾಲೆಗೆ ಎರಡು ಜಡೆ, ರಿಬ್ಬನ್ ಹಾಕಿಕೊಂಡೇ ಬರಬೇಕೆಂಬ ನಿಯಮ ಮಾಡಿದವರು ಯಲ್ಲಾಪುರ, ಹಳಿಯಾಳದ ಸಿದ್ದಿ ಹುಡುಗಿಯರ ತಲೆಯನ್ನು ನೆನೆದಿರಲಾರರು. ಆಫ್ರಿಕದಿಂದ ಬಂದ ಹಿರಿಯರ ಕೂದಲು, ಘಟ್ಟದ ಜಡಿಮಳೆಯ ಊರು.

ಈಗ ಹೊಸ ತಲೆಮಾರು ನೀರಿನಿಂದಲೇ ಶುರುಮಾಡುತ್ತದೆ. ಒದ್ದೆ ಕೂದಲಿಗೇ ಲೇಪ ಹಚ್ಚಿ, ಮೇಲೆ ಎಣ್ಣೆ ಸವರಿ, ಸುರುಳಿಯನ್ನು ಸುರುಳಿಯಾಗಿಯೇ ಒಣಗಲು ಬಿಡುತ್ತಾರೆ. ಗ್ಲಿಸರಿನ್ ಇರುವ ಲೇಪ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಸೆಕೆಯ ದಿನಗಳಲ್ಲಿ ಅದನ್ನು ದೂರವಿಡುವವರಿದ್ದಾರೆ. ಉದ್ದ ಕಾಣಬೇಕೆಂದಾಗ ರಾತ್ರಿ ಕುಚ್ಚುಗಳಿಗೆ ದಾರ ಸುತ್ತಿ ಮಲಗುತ್ತಾರೆ.

ಕೊಳದ ಬಾಗಿಲು ಮಾತ್ರ ತಡವಾಗಿ ತೆರೆಯಿತು. ಉಬ್ಬಿದ ಕೂದಲಿಗೆ, ಜಡೆಗಳಿಗೆ ಸಾಲುವಷ್ಟು ದೊಡ್ಡ ಈಜುಟೋಪಿಯನ್ನು ಲಂಡನ್ನಿನ ಸೋಲ್ ಕ್ಯಾಪ್ ಎಂಬ ಕಂಪನಿ ತಯಾರಿಸಿತ್ತು. 2021ರ ಟೋಕಿಯೋ ಒಲಿಂಪಿಕ್ಸ್‌ಗೆ ಅದಕ್ಕೆ ಅನುಮತಿ ಕೇಳಿದಾಗ ಅಂತಾರಾಷ್ಟ್ರೀಯ ಈಜು ಒಕ್ಕೂಟ ಒಪ್ಪಲಿಲ್ಲ. ತಲೆಯ ಸಹಜ ಆಕಾರಕ್ಕೆ ಅದು ಹೊಂದುವುದಿಲ್ಲ ಎಂದಿತು. ಬ್ರಿಟನ್ನಿನ ಪರವಾಗಿ ಒಲಿಂಪಿಕ್ಸ್‌ನಲ್ಲಿ ಈಜಿದ ಮೊದಲ ಕಪ್ಪು ಹೆಣ್ಣುಮಗಳು ಆಲಿಸ್ ಡಿಯರಿಂಗ್ ಆ ವರ್ಷ ಅದಿಲ್ಲದೆಯೇ ನೀರಿಗೆ ಇಳಿದಳು. ಟೋಪಿಗೆ ಒಪ್ಪಿಗೆ ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ.