ವಿಶ್ವದ ಭ್ರಮಣ

ಹಿಗ್ಗುತ್ತಿರುವ ವಿಶ್ವವು ಒಟ್ಟಾರೆಯಾಗಿ ತಿರುಗುತ್ತಲೂ ಇದೆಯೇ ಎಂಬುದು ವಿಶ್ವವಿಜ್ಞಾನದ ಹಳೆಯ ಪ್ರಶ್ನೆಗಳಲ್ಲೊಂದು. ಭೂಮಿ, ಸೂರ್ಯ, ಗೆಲಾಕ್ಸಿಗಳೆಲ್ಲವೂ ತಿರುಗುತ್ತವೆ. ಇಡೀ ವಿಶ್ವ ತಿರುಗುತ್ತಿದೆ ಎನ್ನಲು ಮಾತ್ರ ಇದುವರೆಗೆ ದೃಢವಾದ ಪುರಾವೆ ದೊರೆತಿಲ್ಲ. ತಿರುಗುತ್ತಿದ್ದರೂ ಅದರ ವೇಗ ಅತ್ಯಲ್ಪವಾಗಿರಬೇಕೆಂದು ವೀಕ್ಷಣೆಗಳು ತಿಳಿಸುತ್ತವೆ.

ಅರ್ಥ

ವಿಶ್ವಕ್ಕೆ ಕೇಂದ್ರವಿಲ್ಲದಿರುವುದರಿಂದ ಈ ಪ್ರಶ್ನೆಯೇ ಅಸಂಗತವೆಂದು ತೋರಬಹುದು. ಆದರೆ ಭ್ರಮಣವನ್ನು ಇದ್ದಲ್ಲಿಯೇ ಅಳೆಯಲು ಸಾಧ್ಯ. ವೇಗವಾಗಿ ತಿರುಗುವ ಗೈರೊಸ್ಕೋಪಿನ ಅಕ್ಷವು, ಹೊರಗಿನ ಬಲದ ಪ್ರಭಾವವಿಲ್ಲದಿದ್ದರೆ, ದಿಕ್ಕನ್ನು ಬದಲಿಸುವುದಿಲ್ಲ. ಆ ಅಕ್ಷಕ್ಕೆ ಹೋಲಿಸಿದಾಗ ದೂರದ ಗೆಲಾಕ್ಸಿಗಳು ಒಟ್ಟಾಗಿ ಸುತ್ತುವಂತೆ ಕಂಡರೆ ವಿಶ್ವಕ್ಕೆ ಭ್ರಮಣವಿದೆ ಎಂದರ್ಥ.

ಇತಿಹಾಸ

ಗೆಲಾಕ್ಸಿಗಳ ಭ್ರಮಣಕ್ಕೆ ವಿಶ್ವದ ಭ್ರಮಣವೇ ಮೂಲವಾಗಿರಬಹುದೆಂದು 1946ರಲ್ಲಿ ಜಾರ್ಜ್ ಗ್ಯಾಮೊವ್ ಸೂಚಿಸಿದರು. 1949ರಲ್ಲಿ ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ ಅವರು ಐನ್‌ಸ್ಟೈನರ ಸಮೀಕರಣಗಳಿಂದ ತಿರುಗುವ ವಿಶ್ವವೊಂದನ್ನು ರೂಪಿಸಿದರು. ಗತಕಾಲಕ್ಕೆ ಮರಳುವ ಪಥಗಳು ಅದರಲ್ಲಿದ್ದವು. ಆ ವಿಶ್ವ ಹಿಗ್ಗದು; ಹಿಗ್ಗುತ್ತ ತಿರುಗುವ ಮಾದರಿಗಳನ್ನೂ ಅವರು ಅನಂತರ ನೀಡಿದರು. 1955ರಲ್ಲಿ ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿ ಪ್ರಕಟಿಸಿದ ಸಮೀಕರಣವು, ಗುರುತ್ವದಿಂದ ದ್ರವ್ಯ ಕುಸಿಯುವುದನ್ನು ಭ್ರಮಣ ಪ್ರತಿರೋಧಿಸುತ್ತದೆ ಎಂದು ತೋರಿಸಿತು.

ವೀಕ್ಷಣೆಗಳು

ತೋಳು ಚಾಚಿದಾಗ ನರ್ತಕಿಯ ಸುತ್ತು ನಿಧಾನವಾಗುವಂತೆ, ವಿಶ್ವ ಹಿಗ್ಗಿದಂತೆಲ್ಲ ಅದರ ಭ್ರಮಣ ತಗ್ಗುತ್ತದೆ. ಆದುದರಿಂದ ಸಂಶೋಧಕರು ಅದರ ಗುರುತನ್ನು ಆದಿಕಾಲದಿಂದ ಉಳಿದುಬಂದಿರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣದಲ್ಲಿ ಹುಡುಕುತ್ತಾರೆ. ಭ್ರಮಣವಿದ್ದರೆ ಆ ವಿಕಿರಣದ ಉಷ್ಣತೆಯಲ್ಲಿ ಸುರುಳಿಯಾಕಾರದ ವಿನ್ಯಾಸ ಕಾಣಿಸಬಹುದು. ಪ್ಲಾಂಕ್ ಉಪಗ್ರಹದ ಮಾಹಿತಿಯನ್ನು ಆಧರಿಸಿದ 2016ರ ಅಧ್ಯಯನಕ್ಕೆ ಅಂತಹ ಗುರುತು ಸಿಗಲಿಲ್ಲ. ದಿಕ್ಕಿನಿಂದ ದಿಕ್ಕಿಗೆ ವಿಶ್ವದ ಹಿಗ್ಗುವಿಕೆ ಬೇರೆಯಾಗಿದೆ ಎಂಬ ಊಹೆಗೆ ವಿರುದ್ಧವಾಗಿ 1,21,000ಕ್ಕೆ 1ರಷ್ಟು ಸಂಭಾವ್ಯತೆಯನ್ನು ಅದು ಕಂಡುಕೊಂಡಿತು.

ಗೆಲಾಕ್ಸಿಗಳು ಸುತ್ತುವ ದಿಕ್ಕನ್ನು ಎಣಿಸುವ ಪ್ರಯತ್ನಗಳೂ ನಡೆದಿವೆ. ಗೆಲಾಕ್ಸಿ ಜೂ ಯೋಜನೆಯ ಸ್ವಯಂಸೇವಕರು ಅಪ್ರದಕ್ಷಿಣ ದಿಕ್ಕಿನವನ್ನು ಹೆಚ್ಚಾಗಿ ಗುರುತಿಸಿದ್ದರು. ಅವೇ ಚಿತ್ರಗಳನ್ನು ಕನ್ನಡಿಬಿಂಬವಾಗಿ ತಿರುಗಿಸಿ ತೋರಿಸಿದಾಗಲೂ ಅದೇ ಒಲವು ಕಂಡುಬಂದಿತು. ದೋಷವಿದ್ದುದು ಆಕಾಶದಲ್ಲಲ್ಲ, ನೋಡುವ ಕಣ್ಣಿನಲ್ಲಿ.

ಪ್ರಾಮುಖ್ಯ

ವಿಶ್ವದಲ್ಲಿ ಯಾವ ದಿಕ್ಕಿಗೂ ವಿಶೇಷ ಸ್ಥಾನವಿಲ್ಲ ಎಂಬುದು ಇಂದಿನ ವಿಶ್ವವಿಜ್ಞಾನದ ತಳಹದಿ. ಭ್ರಮಣ ಸಾಬೀತಾದರೆ ಅದರ ಅಕ್ಷವೇ ವಿಶೇಷ ದಿಕ್ಕಾಗಿ, ಈ ತಳಹದಿ ಅಲುಗುತ್ತದೆ. ವಿಶ್ವ ಹಿಗ್ಗುವ ದರದ ಅಳತೆಯಲ್ಲಿಯೂ ಒಂದು ಬಿಕ್ಕಟ್ಟಿದೆ: ಹಿನ್ನೆಲೆ ವಿಕಿರಣದಿಂದ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 67 ಕಿ.ಮೀ., ಸಮೀಪದ ಗೆಲಾಕ್ಸಿಗಳಿಂದ ಸುಮಾರು 73 ಕಿ.ಮೀ. ದೊರೆಯುತ್ತದೆ. ಸುಮಾರು 50,000 ಕೋಟಿ ವರ್ಷಗಳಿಗೊಮ್ಮೆ ಸುತ್ತುವಷ್ಟು ಮಂದವಾದ ಭ್ರಮಣವು ಈ ಅಂತರವನ್ನು ನಿವಾರಿಸಬಹುದೆಂದು 2025ರಲ್ಲಿ ಹಂಗೇರಿ ಮತ್ತು ಹವಾಯಿಯ ಸಂಶೋಧಕರು ಸೂಚಿಸಿದರು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಆ ಲೆಕ್ಕದಲ್ಲಿ ಅದು ಇನ್ನೂ ಒಂದು ಸುತ್ತಿನ ಅಲ್ಪಭಾಗವನ್ನಷ್ಟೇ ಕ್ರಮಿಸಿದೆ. ಇದು ಸದ್ಯಕ್ಕೆ ಗಣಿತದ ಮಾದರಿ ಮಾತ್ರ, ವೀಕ್ಷಣೆಯಿಂದ ಸಿದ್ಧಪಟ್ಟಿಲ್ಲ.